ಕಲ್ಲಿನ ಕಾಲದ ರಾತ್ರಿಯೂಟ

ಐಯಣ್ಣನ ಬೆರಳು ಚುಚ್ಚಿದವಳು ನಾನೇ,
ಗೋಣಿಕೊಪ್ಪದ ಆಸ್ಪತ್ರೆಯ ಲ್ಯಾಬಿನಲ್ಲಿ, ನನ್ನದೇ ಪಾಳಿಯಲ್ಲಿ.
ಮುನ್ನೂರ ಹದಿನೆಂಟು.
ಯಂತ್ರ ಕೆಟ್ಟಿರಬೇಕು ಎಂದ.
ಇನ್ನೊಂದು ಬೆರಳು ಕೊಟ್ಟ. ಯಂತ್ರ ಕೆಟ್ಟಿರಲಿಲ್ಲ.

ಪಥ್ಯ ತಂದವಳು ಪೂವಮ್ಮ, ಹತ್ತನೇ ಕ್ಲಾಸು.
ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದಳು:
ಅಕ್ಕಿ ಇಲ್ಲ, ರಾಗಿ ಇಲ್ಲ, ಬೇಳೆಕಾಳು ಇಲ್ಲ,
ಹಾಲು ಬೆಲ್ಲ ಇಲ್ಲ. ಮೂವತ್ತು ದಿನ.
ನೇಗಿಲು ಹುಟ್ಟುವ ಮೊದಲು ಮನುಷ್ಯ ತಿಂದದ್ದಷ್ಟೇ.
"ಹಂದಿ?" ಎಂದ ಐಯಣ್ಣ, ಮೆಲ್ಲಗೆ.
"ಹಂದಿ ತಿನ್ನಬಹುದು."
"ಮತ್ತೆ ಇದು ನಮ್ಮನೆ ಪಥ್ಯವೇ!" ಎಂದು
ಅವತ್ತೇ ಒಂದೂವರೆ ಕಿಲೋ ತಂದ.

ಹುರಿದ ಕರಿಮೆಣಸು, ಜೀರಿಗೆ, ಕೊತ್ತಂಬರಿ, ಎಲ್ಲಕ್ಕೂ ಅನುಮತಿಯಿತ್ತು.
ಕಾಚಂಪುಳಿಯ ಬಾಟಲಿಯನ್ನು ಪೂವಮ್ಮ ಬೆಳಕಿಗೆ ಹಿಡಿದು
ಹಣ್ಣಿನದ್ದು ತಾನೇ, ಸರಿ, ಎಂದು ಪಾಸು ಮಾಡಿದಳು.
ಸೆಕಳ ಮೂಲೆಯಲ್ಲಿ ಬೋರಲು ಬಿದ್ದಿತ್ತು,
ಕಡಂಬುಟ್ಟಿನ ಜಾಗದಲ್ಲಿ ಬೇಯಿಸಿದ ಹೂಕೋಸು.
ಊಟ ಮುಗಿಯುವ ಹೊತ್ತಿಗೆ ನೋಡಿದೆ:
ತಟ್ಟೆಯಂಚಿನಲ್ಲಿ ಕಪ್ಪು ಗೊಜ್ಜು ಹಾಗೇ ನಿಂತಿದೆ,
ಒರೆಸಿಕೊಳ್ಳಲು ಏನೂ ಇಲ್ಲ.
ಐಯಣ್ಣನ ಬೆರಳು ಅದರ ಸುತ್ತ ಒಮ್ಮೆ ತಿರುಗಿ
ದಾರಿ ತಪ್ಪಿದವರ ಹಾಗೆ ನಿಂತಿತು.

ಆಮೇಲೆ ಮತ್ತಿ ಮೀನು, ಸಿಹಿಗುಂಬಳ, ಮೊಟ್ಟೆ,
ಕಣಿಲೆ ಪಲ್ಯ, ಮತ್ತೆ ಮೊಟ್ಟೆ.
ಬೆಲ್ಲವಿಲ್ಲದ ಕರಿಕಾಫಿಗೆ ಅತ್ತೆ
ಕಷಾಯ ಕುಡಿದ ಮುಖ ಮಾಡಿದರು.
ಒಂಬತ್ತನೇ ದಿನ ನಾನು ಆಸ್ಪತ್ರೆ ಕ್ಯಾಂಟೀನಿನಲ್ಲಿ
ಎರಡು ಇಡ್ಲಿ ತಿಂದೆ, ಗೋಡೆಗೆ ಮುಖ ಮಾಡಿ.
ಮನೆಯಲ್ಲಿ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

"ಗುಹೆಯವರಿಗೆ ಕುಕ್ಕರ್ ಇತ್ತಾ?" ಚೆಂಗಪ್ಪ ಕೇಳಿದ.
"ಇರಲಿಲ್ಲ."
"ಮತ್ತೆ ಎಷ್ಟು ಸೀಟಿಗೆ ಇಳಿಸ್ತಿದ್ದರು?"
ನಾವೆಲ್ಲ ನಕ್ಕೆವು. ಅತ್ತೆ ಎದ್ದು ಹೋಗಿ
ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದು, ನೋಡಿ, ಮುಚ್ಚಿದರು,
ಜ್ವರದ ಮಗುವಿನ ಹೊದಿಕೆ ಸರಿಸಿ ನೋಡುವ ಹಾಗೆ.
ದಿನಾ ನೋಡುತ್ತಾರೆ. ಹುಳ ಬೀಳುತ್ತದಂತೆ.

ಹದಿನೆಂಟನೇ ದಿನ ಜಾಜಿ ಬಂದಳು, ಲೈನ್ ಮನೆಯಿಂದ,
ಮಣ್ಣು ಮೆತ್ತಿದ ಗೆಣಸು ಸೆರಗಿನಲ್ಲಿ ಕಟ್ಟಿಕೊಂಡು.
ನಾನೇ ಹೇಳಿದ್ದೆ, ಕಾಡಿನದ್ದು ಸಿಕ್ಕರೆ ತಾ ಎಂದು.
"ಬೂದಿಯಲ್ಲಿ ಸುಡಬೇಕಕ್ಕ, ನೀರಿಗೆ ಹಾಕಿದರೆ ರುಚಿ ಹೋಯ್ತು."
ಪೂವಮ್ಮ ಅವಳಿಗೆ ಹಾಳೆ ಓದಿ ಹೇಳಿದಳು.
ಜಾಜಿ ಕೊನೆಯವರೆಗೂ ಕೇಳಿಸಿಕೊಂಡಳು.
"ನಮ್ಮಜ್ಜಿ ಹೀಗೇ ತಿಂತಿದ್ದಳು ಕಕ್ಕಡದಲ್ಲಿ,
ಕೆಲಸ ಇಲ್ಲದ ತಿಂಗಳು. ಗೆಣಸು, ಏಡಿ, ಸೊಪ್ಪು.
ಇದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ,
ನಾವು ಹಸಿವು ಅಂತಿದ್ದೆವು."
ಬೈಗುಳವಲ್ಲ, ನಗುತ್ತಲೇ ಹೇಳಿದಳು. ಆಮೇಲೆ,
ಡ್ರಮ್ಮಿನ ಕಡೆ ನೋಡದೆ,
"ಅಕ್ಕಿ ಹಾಗೇ ಇದ್ದರೆ ಹುಳ ಬೀಳುತ್ತೆ," ಎಂದಳು.

ಅತ್ತೆ ಸೇರು ಹುಡುಕಿದರು.
ಮೂರು ಅಳೆದು, ನಾಲ್ಕನೆಯದಕ್ಕೆ ಕೈ ತಡೆದು,
ತಡೆದದ್ದಕ್ಕೆ ತಮಗೇ ನಾಚಿಕೆಯಾಗಿ, ಅದನ್ನೂ ಸುರಿದರು.
ಜಾಜಿಯ ಸೆರಗು ಬಂದದ್ದಕ್ಕಿಂತ ಭಾರವಾಗಿ
ಮೆಟ್ಟಿಲಿಳಿಯಿತು.

ಬಚ್ಚಲೊಲೆಯ ಬೂದಿಯಲ್ಲಿ ಹೂತಿಟ್ಟ ಗೆಣಸು,
ಸಿಪ್ಪೆ ಸುಲಿದರೆ ಬಿಳಿ, ಹಬೆ, ಹೊಗೆಯ ವಾಸನೆ.
ಚೆಂಗಪ್ಪನ ಮೂಗಿನ ಮೇಲೆ ಮಸಿ.
ಐಯಣ್ಣ ಒಂದು ತುಂಡು ಮುರಿದು
ಉಳಿದ ಗೊಜ್ಜನ್ನೆಲ್ಲ ತಟ್ಟೆ ಹೊಳೆಯುವಂತೆ ಒರೆಸಿದ.
ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು.
ಅದೇ ನನಗೆ ನುಂಗಲು ಕಷ್ಟವಾದದ್ದು.

ಬೆಳಿಗ್ಗೆ ಚುಚ್ಚಿದೆ: ನೂರ ತೊಂಬತ್ತೆರಡು.
ಹಾಳೆಯಲ್ಲಿ ಹನ್ನೆರಡು ದಿನ ಬಾಕಿ.
ಲೈನ್ ಮನೆಯ ಕಡೆಯಿಂದ ಗಂಜಿ ಬಸಿದ ವಾಸನೆ,
ನಮ್ಮದೇ ಗದ್ದೆಯ ಅಕ್ಕಿ.
ಅತ್ತೆ ಕಹಿಕಾಫಿ ಹಿಡಿದು
ಕಿಟಕಿಯ ಬಳಿ ನಿಂತೇ ಇದ್ದರು.